ಹೆರಿಗೆಯ ನೋವಿನಲ್ಲಿ ಸಹನೆ ಎಂದರೇನು?

ಪವಿತ್ರ ಕುರ್‌ಆನಿನಲ್ಲಿ ಒಂದು ಹೆರಿಗೆಯ ವಿವರಣೆಯಿದೆ. ಅಧ್ಯಾಯ ಮರ್ಯಮ್‌ನ 22ರಿಂದ 26ರ ವರೆಗಿನ ಸೂಕ್ತಗಳನ್ನು ಓದಿ ನೋಡಿರಿ. ಗರ್ಭಿಣಿಯಾದ ಹ. ಮರ್ಯಮ್(ಅ) ತನ್ನವರಿಂದ ದೂರ ಹೋಗಿದ್ದರು. ಬೇನೆಯು ಅವರನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದಿತು. ಬೆನ್ನು ಸವರಲು ತಾಯಿಯಿಲ್ಲ, ಕೈ ಹಿಡಿಯಲು ಸೂಲಗಿತ್ತಿಯಿಲ್ಲ. ಊರಿಗೆ ಮರಳಿದರೆ ಜನರು ಏನೆಂದಾರೋ ಎಂಬ ಅಂಜಿಕೆ ಬೇರೆ. ಆಗ ಅವರ ಬಾಯಿಂದ ಹೊರಟದ್ದು ಧೈರ್ಯದ ಮಾತಲ್ಲ. ಇದಕ್ಕೆ ಮೊದಲೇ ತಾನು ಸತ್ತು, ಯಾರ ನೆನಪಿಗೂ ಬಾರದವಳಾಗಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಉದ್ಗಾರ ಅದು.

ಲೋಕದ ಸ್ತ್ರೀಯರಲ್ಲೇ ಅಲ್ಲಾಹನು ಆರಿಸಿಕೊಂಡ ಮಹಿಳೆ ಹೀಗೆ ಹೇಳಿದಾಗ ಅವರಿಗೆ ಸಿಕ್ಕಿದ ಉತ್ತರವೇನು? ನಿನ್ನಂಥವಳು ಹೀಗೆನ್ನಬಹುದೇ ಎಂಬ ಆಕ್ಷೇಪವಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಮೊದಲು ಬಂತು. ಕಾಲ ಬುಡದಲ್ಲೇ ಹರಿಯುವ ನೀರನ್ನು ತೋರಿಸಲಾಯಿತು. ಮರದ ಕಾಂಡವನ್ನು ತನ್ನತ್ತ ಅಲುಗಾಡಿಸು, ಕಳಿತ ಹಣ್ಣು ಬೀಳುವುದು ಎನ್ನಲಾಯಿತು. ತಿನ್ನಬೇಕು, ಕುಡಿಯಬೇಕು, ಕಣ್ಣು ತಂಪಾಗಿಸಿಕೊಳ್ಳಬೇಕು. ಯಾರಾದರೂ ಎದುರಾದರೆ ಇಂದು ಮೌನವ್ರತದಲ್ಲಿದ್ದೇನೆ ಎಂದು ತಿಳಿಸಿ ಸುಮ್ಮನಿರಬೇಕು. ಅಷ್ಟೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮಹಿಳೆಯರ ಅಧ್ಯಯನ ತರಗತಿಯಲ್ಲಿ ತುಂಬು ಬಸುರಿಯರು ತಗ್ಗಿದ ದನಿಯಲ್ಲಿ ಕೇಳುವ ಒಂದು ಪ್ರಶ್ನೆಯುಂಟು: "ಹೆರುವಾಗ ಕೂಗಿಕೊಂಡರೆ ಸಬ್ರ್ ಮುರಿಯುತ್ತದೆಯೇ? ಪ್ರತಿಫಲ ಹೋಗುತ್ತದೆಯೇ?" ಈ ಪ್ರಶ್ನೆ ಅವರ ಮನಸ್ಸಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. "ನಾನು ಐದು ಹೆತ್ತೆ, ಒಂದು ಸಲವೂ ನನ್ನ ದನಿ ಪಕ್ಕದ ಕೋಣೆಗೆ ಕೇಳಿಸಲಿಲ್ಲ" ಎಂದು ಮನೆಯ ಹಿರಿಯರೊಬ್ಬರು ಹೇಳಿರುತ್ತಾರೆ. ಹೇಳಿದವರಿಗೆ ಅದು ಹೆಮ್ಮೆಯ ಮಾತು; ಕೇಳಿದ ಚೊಚ್ಚಲ ಬಸುರಿಗೆ ಅದೊಂದು ಪರೀಕ್ಷೆ. ಅವಳು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಉಸಿರು ಹಿಡಿದು ಹೆರಿಗೆ ಕೋಣೆಗೆ ಹೋಗುತ್ತಾಳೆ. ಬಿಗಿಯುವುದೇ ಸಹನೆ ಎಂದು ನಾವು ಅವಳಿಗೆ ಕಲಿಸಿದ್ದೇವೆ.

ಸಬ್ರ್ ಎಂಬ ಅರಬಿ ಪದದ ಮೂಲಾರ್ಥ ತಡೆದು ಹಿಡಿಯುವುದು ಎಂಬುದು ನಿಜ. ಆದರೆ ಏನನ್ನು ತಡೆದು ಹಿಡಿಯಬೇಕು? ಅಲ್ಲಾಹನ ತೀರ್ಮಾನದ ಕುರಿತು ಮನಸ್ಸು ಮುನಿಯದಂತೆ, ನಾಲಗೆ ಅವನನ್ನು ದೂರದಂತೆ ತಡೆಯಬೇಕು. ಕಣ್ಣೀರನ್ನಲ್ಲ, ಉಸಿರನ್ನಲ್ಲ. ಹ. ಯಅ್‌ಕೂಬ್(ಅ) ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಕಣ್ಣು ಬೆಳ್ಳಗಾಗಿಸಿಕೊಂಡರು. ತನ್ನ ಅಳಲನ್ನು ಅಲ್ಲಾಹನಲ್ಲೇ ತೋಡಿಕೊಂಡರು. ಅವರ ಸಹನೆಯನ್ನು ಕುರ್‌ಆನ್ ಸುಂದರ ಸಹನೆ ಎನ್ನುತ್ತದೆ. ಪ್ರವಾದಿವರ್ಯರು(ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಕಣ್ಣೀರು ಸುರಿಸಿದರು. ಇನ್ನು ಹೆರಿಗೆಯ ವಿಷಯದಲ್ಲಂತೂ ತಾಯಿ ಕಷ್ಟದಿಂದ ಹೊತ್ತಳು, ಕಷ್ಟದಿಂದ ಹೆತ್ತಳು ಎಂಬುದಕ್ಕೆ ಕುರ್‌ಆನೇ (46:15) ಸಾಕ್ಷಿ ನುಡಿದಿದೆ. ಅಲ್ಲಾಹನೇ ಕಷ್ಟ ಎಂದು ಕರೆದುದನ್ನು ಅವಳು ಕಷ್ಟವೆಂದು ತೋರಗೊಡಬಾರದೆಂದು ಹೇಳಲು ನಾವು ಯಾರು?

ಅಧ್ಯಾಯ ಮರ್ಯಮ್‌ನಲ್ಲಿ ಬೇನೆಗೆ ಬಳಸಲಾದ ಪದ 'ಮಖಾಳ್'. ಅದರ ಧಾತುವಿಗೆ ಅರಬಿಯಲ್ಲಿ ಹಾಲು ಮೊಸರನ್ನು ಕಡೆಯುವುದು ಎಂಬ ಅರ್ಥವೂ ಇದೆ. ಹಳ್ಳಿಯ ಮನೆಯಲ್ಲಿ ಕಡೆಗೋಲು ಹಿಡಿದವರಿಗೆ ಇದು ಬೇಗ ಅರ್ಥವಾದೀತು. ಹಗ್ಗದ ಒಂದು ತುದಿಯನ್ನು ಎಳೆದಾಗ ಇನ್ನೊಂದನ್ನು ಸಡಿಲ ಬಿಡಬೇಕು. ಎರಡನ್ನೂ ಬಿಗಿ ಹಿಡಿದರೆ ಕಡೆಗೋಲು ತಿರುಗುವುದಿಲ್ಲ, ಬೆಣ್ಣೆ ಏಳುವುದಿಲ್ಲ. ಹೆರಿಗೆಯ ಬೇನೆಯೂ ಎಡೆಬಿಡದೆ ಇರುವಂಥದ್ದಲ್ಲ. ಅದು ಅಲೆಯಂತೆ ಏರುತ್ತದೆ, ಒಂದು ನಿಮಿಷದ ಆಸುಪಾಸು ಇರುತ್ತದೆ, ಇಳಿಯುತ್ತದೆ. ನಡುವೆ ಬಿಡುವು ಸಿಗುತ್ತದೆ. ಗರ್ಭಕೋಶದ ಸ್ನಾಯುಗಳು ತಮ್ಮ ಕೆಲಸವನ್ನು ತಾವೇ ಮಾಡುತ್ತವೆ. ತಾಯಿ ಮಾಡಬಹುದಾದದ್ದೆಂದರೆ ಉಳಿದ ಅಂಗಾಂಗಗಳನ್ನು, ಅಂದರೆ ದವಡೆ, ಭುಜ, ಅಂಗೈ, ತೊಡೆಗಳನ್ನು ಸಡಿಲ ಬಿಡುವುದು.

ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲಿ ಇದನ್ನೇ ಬರೆದರು: ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ. 1951ರಲ್ಲಿ ಫ್ರಾನ್ಸಿನ ಡಾ. ಫೆರ್ನಾಂ ಲಮಾಝ್ ಸೋವಿಯತ್ ರಷ್ಯಾದಲ್ಲಿ ಗರ್ಭಿಣಿಯರಿಗೆ ಮೊದಲೇ ತರಬೇತಿ ನೀಡುವ ಕ್ರಮವನ್ನು ನೋಡಿ ಬಂದು, ಪ್ಯಾರಿಸಿನಲ್ಲಿ ಉಸಿರಾಟದ ಅಭ್ಯಾಸಗಳನ್ನು ಕಲಿಸತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಹೆರಿಗೆ ಆರೈಕೆಯ ಶಿಫಾರಸುಗಳಲ್ಲಿ, ನೋವು ತಗ್ಗಿಸಲು ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಉಸಿರಾಟ ಮತ್ತು ಸ್ನಾಯು ಸಡಿಲಿಸುವ ಕ್ರಮಗಳೂ ಸೇರಿವೆ. ನಮ್ಮ ಸೂಲಗಿತ್ತಿಯರು ಇದಕ್ಕೆ ಹೆಸರಿಡಲಿಲ್ಲ, ಅಷ್ಟೆ. ಉಸಿರು ಕಟ್ಟಬೇಡ ಮಗಳೇ, ಬಿಡು ಎಂದು ಅವರು ಹೇಳುತ್ತಿದ್ದುದು ಇದನ್ನೇ.

ಮಾಡುವ ಬಗೆ ಸರಳ. ಬೇನೆ ಏರತೊಡಗಿದ ಕೂಡಲೇ ಒಮ್ಮೆ ಉಸಿರನ್ನು ಪೂರ್ತಿ ಹೊರಬಿಟ್ಟು ಭುಜಗಳನ್ನು ಇಳಿಸಬೇಕು. ಬಳಿಕ ಮೂಗಿನಿಂದ ನಿಧಾನವಾಗಿ ಒಳಗೆಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಬಾಯಿಯಿಂದ ಬಿಡಬೇಕು. ಎಳೆಯುವುದಕ್ಕಿಂತ ಬಿಡುವುದರ ಮೇಲೆ ಗಮನವಿರಲಿ. ಗಾಬರಿಯಿಂದ ಬುಸುಬುಸು ಉಸಿರಾಡಿದರೆ ತಲೆ ಸುತ್ತಿ ಬೆರಳ ತುದಿ ಜುಮ್ಮೆನ್ನುತ್ತದೆ. ಆಗ ಜೊತೆಯಲ್ಲಿರುವವರು ತಾವೇ ನಿಧಾನವಾಗಿ ಉಸಿರಾಡಿ ತೋರಿಸಬೇಕು. ಬೇನೆ ಇಳಿದ ಮೇಲೆ ಮುಂದಿನದನ್ನು ಎಣಿಸುತ್ತಾ ಕೂರದೆ ಆ ಬಿಡುವಿನಲ್ಲಿ ಕಣ್ಣು ಮುಚ್ಚಬೇಕು, ಒಂದು ಗುಟುಕು ನೀರು ಕುಡಿಯಬೇಕು. ವೈದ್ಯರ ನಿರ್ಬಂಧವಿಲ್ಲದಿದ್ದರೆ ಎದ್ದು ನಡೆಯಬಹುದು, ಗೋಡೆಗೋ ಮಂಚಕ್ಕೋ ಒರಗಿ ನಿಲ್ಲಬಹುದು. ಹ. ಮರ್ಯಮ್(ಅ)ರೂ ಮರದ ಕಾಂಡ ಹಿಡಿದಿದ್ದರು, ನೀರು ಕುಡಿದರು ಎಂಬುದು ನೆನಪಾಗುತ್ತದೆ. ಆದರೆ ಇದರಲ್ಲಿ ಆಧುನಿಕ ವೈದ್ಯಶಾಸ್ತ್ರವಿದೆ ಎಂದು ಸಾಧಿಸ ಹೊರಡುವವರ ಗುಂಪಿಗೆ ನಾನು ಸೇರಿದವನಲ್ಲ. ಕುರ್‌ಆನಿಗೆ ಅಂಥ ಶಿಫಾರಸು ಪತ್ರದ ಅಗತ್ಯವಿಲ್ಲ.

ಉಸಿರು ಬಿಡುವಾಗ ಅಲ್ಲಾಹನ ನಾಮವನ್ನು ಸ್ಮರಿಸಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಧಾರಾಳವಾಗಿ ಸ್ಮರಿಸಿರಿ. 'ಅಲ್ಲಾಹ್' ಎಂಬ ನಾಮ ಮುಗಿಯುವುದೇ ಹೊರಬಿಡುವ ಉಸಿರಿನಲ್ಲಿ. ಹೃದಯಗಳಿಗೆ ನೆಮ್ಮದಿ ದೊರೆಯುವುದು ಅಲ್ಲಾಹನ ಸ್ಮರಣೆಯಿಂದಲೇ ಎಂದು ಕುರ್‌ಆನ್ (13:28) ತಿಳಿಸಿದೆ. ಸ್ಮರಣೆಗೆ ವುಝೂ ಬೇಕಿಲ್ಲ, ಕಿಬ್ಲಾದ ಕಡೆಗೆ ತಿರುಗಬೇಕೆಂದಿಲ್ಲ, ತುಟಿ ಅಲುಗದಿದ್ದರೂ ಅವನು ಕೇಳುತ್ತಾನೆ. ಆದರೆ ಇದನ್ನು ಇಂತಿಷ್ಟು ಉಸಿರಿಗೆ ಇಂತಿಷ್ಟು ಸಲ ಎಂದು ಲೆಕ್ಕ ಕಟ್ಟಿ ಹೊಸ ಆರಾಧನಾ ಕ್ರಮವಾಗಿ ಮಾಡಿಕೊಳ್ಳಬಾರದು. ನೆನಪಾದರೆ ಹೇಳಲಿ. ಬೇನೆಯ ಭರದಲ್ಲಿ ಮರೆತರೆ ಅವಳು ಅಪರಾಧಿಯಲ್ಲ.

ಅಧ್ಯಾಯ ಅಶ್ಶರ್ಹ್‌ನಲ್ಲಿ ಸಂಕಷ್ಟದೊಂದಿಗೆ ನಿರಾಳವಿದೆ ಎಂಬ ಮಾತು ಎರಡು ಸಲ ಬಂದಿದೆ. ಅಲ್ಲಿರುವ ಪದ 'ಮಅ'. ಅದರ ಅರ್ಥ 'ಆನಂತರ' ಎಂದಲ್ಲ, 'ಜೊತೆಗೆ' ಎಂದು. ಅರಬಿ ವ್ಯಾಕರಣದಂತೆ ಎರಡೂ ಕಡೆ ಹೇಳಿದ ಸಂಕಷ್ಟ ಒಂದೇ, ನಿರಾಳ ಮಾತ್ರ ಎರಡು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ಇದನ್ನು ಮೆಲ್ಲಗೆ ಕಿವಿಯಲ್ಲಿ ಹೇಳಬಲ್ಲ ತಾಯಿಯೋ ಅಕ್ಕನೋ ಪಕ್ಕದಲ್ಲಿದ್ದರೆ ಅದಕ್ಕಿಂತ ದೊಡ್ಡ ಉಪನ್ಯಾಸ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಕಟುವಾದ ಒಂದು ಮಾತನ್ನೂ ಹೇಳಬೇಕಾಗಿದೆ. ಉಸಿರಾಟವೂ ಸ್ಮರಣೆಯೂ ಆಸ್ಪತ್ರೆಗೆ ಬದಲಿಯಲ್ಲ. ಸರಕಾರದ ಮಾದರಿ ನೋಂದಣಿ ಅಂಕಿಅಂಶಗಳಂತೆ 2018-20ರ ಅವಧಿಯಲ್ಲಿ ಕರ್ನಾಟಕದಲ್ಲಿ ಪ್ರತಿ 1 ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಮೃತಪಟ್ಟಿದ್ದಾರೆ. ನೆರೆಯ ಕೇರಳದಲ್ಲಿ ಈ ಸಂಖ್ಯೆ 19. ಇಬ್ಬರನ್ನೂ ಸೃಷ್ಟಿಸಿದವನು ಒಬ್ಬನೇ, ಅವರ ವಿಧಿಯೂ ಅವನ ಕೈಯಲ್ಲೇ ಇದೆ. ಆದರೂ ಇಷ್ಟು ಅಂತರವಿದೆಯೆಂದರೆ ಮನುಷ್ಯರು ಮಾಡಬೇಕಾದ ಕೆಲಸದಲ್ಲೇ ಅಂತರವಿದೆ ಎಂದರ್ಥ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಣ್ಣನ್ನು ತಾನಾಗಿ ಉದುರಿಸಬಲ್ಲ ಅಲ್ಲಾಹನು, ಹೆರಿಗೆಯ ನೋವಿನಲ್ಲಿದ್ದ ಹೆಣ್ಣಿಗೇ ಮರ ಅಲುಗಾಡಿಸಲು ಹೇಳಿದನು. ಆ ನಿಶ್ಶಕ್ತ ಕೈಗಳಿಂದ ಖರ್ಜೂರದ ಮರ ಎಷ್ಟು ಅಲುಗೀತು? ಆದರೂ ಕೈ ಹಾಕಲೇಬೇಕಿತ್ತು.

ಆದ್ದರಿಂದ ರಕ್ತ ಹೋಗತೊಡಗಿದರೆ, ನೀರೊಡೆದರೆ ಅಥವಾ ಹೊರಬಂದ ನೀರು ಹಸಿರಾಗಿದ್ದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಅಪಸ್ಮಾರದಂತೆ ಸೆಳೆತ ಬಂದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ಉಸಿರಾಟ ಕಲಿತಿದ್ದೇನೆಂದು ಮನೆಯಲ್ಲಿ ಕೂರುವಂತಿಲ್ಲ. 108ಕ್ಕೆ ಕರೆ ಮಾಡಿರಿ, ಹೊರಡಿರಿ. ಲೇಡಿ ಡಾಕ್ಟರ್ ಸಿಗುವವರೆಗೆ ಕಾಯೋಣ ಎನ್ನುವವರು ಅನಿವಾರ್ಯ ಸಂದರ್ಭದಲ್ಲಿ ಧರ್ಮವು ನೀಡಿರುವ ರಿಯಾಯಿತಿಯನ್ನು ಉಲಮಾಗಳಲ್ಲಿ ಮೊದಲೇ ಕೇಳಿ ತಿಳಿದಿರಲಿ. ನೋವು ನಿವಾರಕ ಚುಚ್ಚುಮದ್ದು ಪಡೆದವಳೂ, ಸಿಸೇರಿಯನ್ ಆದವಳೂ ಸಹನೆಯ ಪರೀಕ್ಷೆಯಲ್ಲಿ ಸೋತವರಲ್ಲ. ಮುಳ್ಳು ಚುಚ್ಚಿದರೂ ವಿಶ್ವಾಸಿಯ ಪಾಪಗಳು ಅಳಿಸಲ್ಪಡುತ್ತವೆ ಎಂಬ ಪ್ರವಾದಿ ವಚನದಲ್ಲಿ ಹೊಲಿಗೆ ಹಾಕಿದ ಹೊಟ್ಟೆಗೆ ಪಾಲಿಲ್ಲವೇ?

ಹೆರಿಗೆಯಲ್ಲಿ ಮೃತಪಟ್ಟವಳಿಗೆ ಹುತಾತ್ಮರ ಪದವಿಯಿದೆ ಎಂಬ ಹದೀಸನ್ನು ಕೆಲವರು ಬಸುರಿಯ ಎದುರೇ ಉಪದೇಶಿಸುತ್ತಾರೆ. ಅದು ಅಗಲಿದವಳ ಮನೆಯವರಿಗೆ ದೊಡ್ಡ ಸಾಂತ್ವನ. ಉಳಿಸಬಹುದಾದ ಜೀವವನ್ನು ಉಳಿಸದವರಿಗೆ ಅದು ನೆಪವಾಗಬಾರದು.

ಇನ್ನು ಗಂಡಂದಿರಿಗೆ ಎರಡು ಮಾತು. ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಒಬ್ಬರು ಜೊತೆಯಲ್ಲಿರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲೇ ಸೂಚಿಸಿದೆ. ಹೆತ್ತ ಅನುಭವವಿರುವ ಹೆಂಗಸಿಗೆ ಆದ್ಯತೆ, ಮರೆಯ ವ್ಯವಸ್ಥೆಯಿರುವಲ್ಲಿ ಗಂಡನಿಗೂ ಅವಕಾಶ. ಪತ್ನಿಯ ಹೆರಿಗೆಯಲ್ಲಿ ಗಂಡ ಹತ್ತಿರವಿರುವುದಕ್ಕೆ ಶರೀಅತ್ತಿನ ತಡೆಯಿಲ್ಲ. ನಾಚಿಕೆ ನಮ್ಮ ರೂಢಿಯದು. ಎಂಟನೇ ತಿಂಗಳಲ್ಲೇ ಆಸ್ಪತ್ರೆಯಲ್ಲಿ ವಿಚಾರಿಸಿಡಿರಿ. ಇಶಾ ನಮಾಝ್ ಮುಗಿಸಿ ಬಂದ ಮೇಲೆ ದಿನಕ್ಕೆ ಹತ್ತು ನಿಮಿಷ ಅವಳ ಜೊತೆ ಕುಳಿತು ಈ ಉಸಿರಾಟವನ್ನು ನೀವೂ ಅಭ್ಯಾಸ ಮಾಡಿರಿ. ಬೇನೆಯ ಹೊತ್ತಿಗೆ ಹೊಸದಾಗಿ ಕಲಿಯಲು ಯಾರಿಗೂ ಆಗದು. ಜೊತೆಯಲ್ಲಿರುವವರನ್ನು ಆರಿಸುವಾಗ ಸಂಬಂಧಕ್ಕಿಂತ ಸ್ವಭಾವವನ್ನು ನೋಡಿರಿ. ಸತ್ತ ಬಾಣಂತಿಯರ ಕತೆ ಹೇಳುವ ಚಿಕ್ಕಮ್ಮ ಎಷ್ಟೇ ಪ್ರೀತಿಯವರಾಗಿದ್ದರೂ ಆ ದಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲಿ.

ಮತ್ತು ಆ ಮೌನವ್ರತ. ಬೇನೆ ಶುರುವಾಯಿತೆಂದು ತಿಳಿದ ಗಳಿಗೆಯಿಂದ ಮೊಬೈಲ್ ಬಡಿದುಕೊಳ್ಳತೊಡಗುತ್ತದೆ: "ಆಯಿತಾ? ಎಷ್ಟು ಹೊತ್ತಾಯಿತು? ಗಂಡೋ ಹೆಣ್ಣೋ?" ಒಂದೊಂದು ಕರೆಯೂ ಅವಳ ಒಂದು ಬಿಡುವನ್ನು ನುಂಗುತ್ತದೆ. ಅವಳ ಮೊಬೈಲನ್ನು ಗಂಡ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಲಿ. ಇನ್ನೂ ಆಗಿಲ್ಲ, ದುಆ ಮಾಡಿರಿ ಎಂದು ಎಲ್ಲರಿಗೂ ಅವನೇ ಹೊರಗೆ ನಿಂತು ಉತ್ತರಿಸಲಿ.