ಮೂರುಕೈಯ ಧರ್ಮ

ಮೂರು ದಾರಿ ಕೂಡುವ ಎಡೆಯನ್ನು ನಮ್ಮ ಕುಂದಾಪುರದ ಕಡೆಯವರು ‘ಮೂರುಕೈ’ ಎನ್ನುತ್ತಾರೆ. ಕೋಟದ ಮೂರುಕೈಯಲ್ಲಿ ಊರ ದಾರಿ ಬಂದು ಸೇರುವುದು ಪನ್ವೇಲಿನಿಂದ ಕನ್ಯಾಕುಮಾರಿಗೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಗೆ. 17 ಎಂಬ ಸಂಖ್ಯೆಯ ಹಳೆಯ ರಸ್ತೆ ಈಗ ನಾಲ್ಕು ಪಥವಾಗಿದೆ. ಅದು ಅಗಲವಾದಷ್ಟೂ ಅಡ್ಡ ದಾಟುವವರ ಪಾಡು ಕಷ್ಟವಾಗಿದೆ.

ಮೊನ್ನೆ ಸಂಜೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ತೆವಳುತ್ತಿದ್ದುವು. ಮೀನಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ದಾಟಲೆಂದು ನಾನು ಕಾರು ನಿಲ್ಲಿಸಿದೆ. ಆಕೆ ದಾಟಿದಳು, ನನಗೆ ಪುಣ್ಯ ಬಂದಂತಾಯಿತು. ಅಷ್ಟರಲ್ಲಿ ಹಿಂದಿನಿಂದ ಹಾರನ್‌ಗಳ ಮೊರೆತ! ನಾನು ಕೊಟ್ಟದ್ದು ನನ್ನ ಅರೆನಿಮಿಷವನ್ನಷ್ಟೇ ಅಲ್ಲ. ಹಿಂದಿದ್ದವರೆಲ್ಲರ ಅರೆನಿಮಿಷವನ್ನೂ, ಅವರನ್ನು ಕೇಳದೆಯೇ. ಅವರಲ್ಲಿ ಮಣಿಪಾಲದ ಆಸ್ಪತ್ರೆಗೆ ಹೊರಟ ರೋಗಿಯೂ ಇದ್ದಿರಬಹುದು. ಇತರರ ಗಂಟಿನಿಂದ ಮಾಡಿದ್ದು ದಾನವೇ?

ನಿಲ್ಲಿಸದಿದ್ದರೆ? ಪ್ರತಿಯೊಬ್ಬನೂ ಹಿಂದಿನವರ ನೆಪ ಹೇಳಿ ಮುಂದೆ ಸಾಗಿದರೆ ಆಕೆ ಕತ್ತಲಾಗುವವರೆಗೂ ಅಲ್ಲಿಯೇ ನಿಲ್ಲಬೇಕು. ಸಾಲಿನಲ್ಲಿರುವವರ ನಷ್ಟ ಹಂಚಿಹೋಗುತ್ತದೆ. ಬದಿಯಲ್ಲಿ ನಿಂತವಳ ನಷ್ಟವನ್ನು ಹಂಚಿಕೊಳ್ಳುವವರಿಲ್ಲ. ಆದುದರಿಂದ ನಿಲ್ಲಿಸಿದ್ದು ಸರಿಯೆಂದೇ ನನ್ನ ಎಣಿಕೆ. ಆದರೆ ಆ ಪುಣ್ಯ ನನ್ನೊಬ್ಬನದಲ್ಲ. ಹಾರನ್ ಬಾರಿಸಿದವರಿಗೂ ಅದರಲ್ಲಿ ಪಾಲುಂಟು.