ಯಾವ ವರ್ಷದ ಒರಿಜಿನಲ್ಲು?

ಹಳೇ ಗಾಡಿ ಹಿಡಿದು ಕೂತವರನ್ನ ಕೇಳಿ ನೋಡಿ, ಮುಕ್ಕಾಲು ಪಾಲು ಜನ ಒಂದೇ ಮಾತು ಹೇಳ್ತಾರೆ: "ಒರಿಜಿನಲ್ ಸ್ಥಿತಿಗೆ ತರ್ತಾ ಇದೀನಿ." ಕೇಳೋಕೇನೋ ಚೆನ್ನಾಗಿದೆ. ಆದರೆ ಒರಿಜಿನಲ್ ಅಂದ್ರೆ ಯಾವ ವರ್ಷದ್ದು? ಕಾರ್ಖಾನೆಯಿಂದ ಹೊರಗೆ ಬಂದ ದಿನದ್ದಾ? ಯಜಮಾನ ತನ್ನ ಕೈಯಾರೆ ಅದನ್ನ ಬದಲಾಯಿಸಿ, ಹಾಗೇ ಕಾಲು ಶತಮಾನ ಓಡಿಸಿದನಲ್ಲ, ಆ ಕಾಲದ್ದಾ? ಅಥವಾ ನಿಮ್ಮ ಮನೆ ಮುಂದೆ ತಂದು ಇಳಿಸಿದಾಗ ಇದ್ದ ಸ್ಥಿತಿಯಾ? ಒಂದು ವರ್ಷದಿಂದ ಈ ಪ್ರಶ್ನೆ ನನ್ನ ಗರಾಜಿನಲ್ಲಿ ನಾಲ್ಕು ಜಾಕ್ ಸ್ಟ್ಯಾಂಡುಗಳ ಮೇಲೆ ಕೂತಿದೆ.

ಗಾಡಿ 1985ರ ಟೊಯೋಟಾ, ಫೋರ್ ವೀಲ್ ಡ್ರೈವ್. ಬೇರೆ ಎಷ್ಟೋ ದೇಶಗಳಲ್ಲಿ ಇದಕ್ಕೆ ಹೈಲಕ್ಸ್ ಅಂತ ಹೆಸರು. ಆ ಹೊತ್ತಿಗೆ ಅಮೆರಿಕದಲ್ಲಿ ಮಾತ್ರ ಬರೀ 'ಪಿಕಪ್' ಅಂತ ಮಾರ್ತಿದ್ದರು. 'ಬ್ಯಾಕ್ ಟು ದ ಫ್ಯೂಚರ್' ಸಿನಿಮಾದಲ್ಲಿ ಹುಡುಗ ಕಣ್ಣರಳಿಸಿ ನೋಡೋ ಕರೀ ಗಾಡಿ ಇದೆಯಲ್ಲ, ಅದೇ ಜಾತಿ, ಅದೇ ವರ್ಷ. ಸಿನಿಮಾದ್ದರ ಹಾಗೇ ಇದೂ 'ಲಿಫ್ಟ್' ಆದ ಗಾಡಿ. ಲಿಫ್ಟ್ ಅಂದ್ರೆ ಸ್ಪ್ರಿಂಗ್ ಬದಲಾಯಿಸಿ, ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು, ದೊಡ್ಡ ಟೈರು ಹಾಕಿ ಗಾಡಿಯನ್ನ ನೆಲದಿಂದ ಮೇಲಕ್ಕೆತ್ತೋದು. ನಾವಿರೋ ನಾರ್ತ್ ಕ್ಯಾರೊಲೈನಾದಲ್ಲಿ ಇಂಥವು ಬೀದಿಗೊಂದು ಸಿಗ್ತವೆ. ಕೆಲವಕ್ಕೆ ಕಾಡುಗುಡ್ಡದಲ್ಲಿ ಕೆಲಸ ಇರುತ್ತೆ, ಬಹಳಷ್ಟಕ್ಕೆ ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗೇ ಗುಡ್ಡ.

ಇದನ್ನ ಎತ್ತಿದ್ದು ನಮ್ಮಿಂದ ಮೂರು ಮನೆ ಆಚೆ ಇದ್ದ ಒಬ್ಬ ವೆಲ್ಡರ್. ರಿಟೈರ್ ಆದಮೇಲೂ ಕೈ ಸುಮ್ಮನಿರದ ಮನುಷ್ಯ. ಹಿಂದಿನ ಬಂಪರು ಅವರೇ ಮಾಡಿದ್ದು, ಸ್ಪ್ರಿಂಗಿನ ಹ್ಯಾಂಗರು ಅವರೇ ಬೆಸೆದದ್ದು. ಬೆಸುಗೆಯ ಗೆರೆ ನೋಡಿದರೆ ಸಾಲಾಗಿ ಜೋಡಿಸಿದ ಚಿಲ್ಲರೆ ನಾಣ್ಯದ ಹಾಗಿದೆ. ಅವರು ತೀರಿಕೊಂಡು ಎರಡು ವರ್ಷ ಅಂಗಳದಲ್ಲಿ ನಿಂತಿದ್ದ ಗಾಡಿಯನ್ನ ಅವರ ಹೆಂಡತಿ ನನಗೆ ಮಾರಿದರು. ದುಡ್ಡಿನ ಬಗ್ಗೆ ಚೌಕಾಸಿ ಇಲ್ಲ. ಒಂದೇ ಮಾತು: "ಅದನ್ನ ತಗ್ಗಿಸಬೇಡ. ಬೀದಿ ಕೊನೆಯಲ್ಲಿ ತಿರುಗಿದ ಕೂಡಲೇ ನನಗೆ ಗೊತ್ತಾಗ್ತಿತ್ತು, ಮನೆಗೆ ಬಂದ ಅಂತ." ನಾನು ನೋಡ್ತೀನಿ ಅಂದೆ. ಹೂಂ ಅನ್ನಲಿಲ್ಲ. ಹೂಂ ಅನ್ನೋಕೆ ಮುಂಚೆ ಗಾಡಿಯ ಕೆಳಗೆ ಒಮ್ಮೆ ಮಲಗಬೇಕಿತ್ತು.

ಕೆಳಗೆ ಮಲಗಿದರೆ ಕಾಣೋದೇ ಬೇರೆ. ಈ ಕಾಲದ ಟೊಯೋಟಾಗಳಲ್ಲಿ ಮುಂದೂ ಲೀಫ್ ಸ್ಪ್ರಿಂಗೇ, ನಮ್ಮೂರ ಕಡೆ 'ಪ್ಲೇಟು' ಅಂತೀವಲ್ಲ, ಅದು. ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. 1986ರಿಂದ ಆ ತೊಲೆ ಹೋಗಿ ಎರಡು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಬಂತು, ಅದಕ್ಕೇ ಬಂಡೆ ಹತ್ತೋರಿಗೆ 85ರ ಗಾಡಿ ಅಂದ್ರೆ ಪ್ರಾಣ. ಸ್ಟಿಯರಿಂಗ್ ಬಾಕ್ಸಿನಿಂದ ಒಂದು ಸರಳು ಹಿಂದೆ ಮುಂದೆ ತಳ್ಳಿ ಎಳೆದು ಚಕ್ರ ತಿರುಗಿಸುತ್ತೆ. ಗಾಡಿಯನ್ನ ಆರು ಇಂಚು ಎತ್ತಿದಿರೋ, ಆ ಸರಳು ಇಳಿಜಾರಾಗುತ್ತೆ. ಆಮೇಲೆ ರಸ್ತೆಯ ಪ್ರತಿ ಗುಂಡಿಯೂ ಸ್ಟಿಯರಿಂಗನ್ನ ತಾನೇ ಒಂದಿಷ್ಟು ತಿರುಗಿಸುತ್ತೆ, ನಿಮ್ಮನ್ನ ಕೇಳದೆ. ಸ್ಪೀಡೋಮೀಟರ್ ಕಥೆಯೂ ಹಾಗೇ. ಕಾರ್ಖಾನೆಯ ಟೈರು ಸುಮಾರು 28 ಇಂಚು ಎತ್ತರ, ಇದಕ್ಕಿದ್ದದ್ದು 33. ಮುಳ್ಳು 60 ತೋರಿಸುವಾಗ ಗಾಡಿ ನಿಜಕ್ಕೂ 70 ಮೈಲಿಯಲ್ಲಿ ಓಡ್ತಿರುತ್ತೆ.

ನನ್ನನ್ನ ನಿಜವಾಗಿ ಯೋಚನೆಗೆ ಹಚ್ಚಿದ್ದು ಮಾತ್ರ ಹಿಂದಿನ ಬ್ರೇಕಿನ ಒಂದು ಸಣ್ಣ ವಾಲ್ವು. ಪಿಕಪ್ ಖಾಲಿ ಇದ್ದಾಗ ಹಿಂಭಾಗ ಹಗುರ, ಹಿಂದೆ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತೆ. ಮೂಟೆ ಹೇರಿದಾಗ ಹಿಂದಕ್ಕೂ ಬ್ರೇಕ್ ಬೇಕು. ಹೊರೆ ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಒಂದು ಕಂಬಿ ಆಕ್ಸಲ್ಲಿಗೂ ಚಾಸಿಗೂ ಇರೋ ಅಂತರ ಅಳೆಯುತ್ತೆ. ಅಂತರ ಕಡಿಮೆ ಆದರೆ ಹೊರೆ ಇದೆ ಅಂತ ಅರ್ಥ, ಜಾಸ್ತಿ ಇದ್ದರೆ ಖಾಲಿ. ಈಗ ನಡುವೆ ಬ್ಲಾಕ್ ಇಟ್ಟು ಗಾಡಿಯನ್ನ ಎತ್ತಿ, ಕಂಬಿಯನ್ನ ಹಾಗೇ ಬಿಟ್ಟರೆ ಏನಾಗುತ್ತೆ? ಆ ವಾಲ್ವಿನ ಪಾಲಿಗೆ ಗಾಡಿ ಸದಾ ಖಾಲಿ. ಬೆನ್ನ ಮೇಲೆ ಅರ್ಧ ಟನ್ ಜಲ್ಲಿ ಇದ್ದರೂ ಅದು "ಏನೂ ಇಲ್ಲ, ಹಗುರವಾಗಿದೀನಿ" ಅಂದುಕೊಂಡೇ ಹಿಂದಿನ ಬ್ರೇಕು ತಡೆಹಿಡಿಯುತ್ತೆ. ಇಂಥ ಮನುಷ್ಯರನ್ನೂ ನಾವು ಕಂಡಿದೀವಿ, ಅದು ಬೇರೆ ವಿಷಯ.

ಇತ್ತ ಸಲಹೆ ಕೊಡೋರಿಗೇನು ಬರ? ಕನ್ನಡ ಕೂಟದ ಗೆಳೆಯರೊಬ್ಬರು ಬಂದು ಒಂದು ಸುತ್ತು ಹಾಕಿ, "ಪೂರ್ತಿ ಸ್ಟಾಕಿಗೆ ತಂದುಬಿಡಿ ಸಾರ್, ಈಗ ಅದಕ್ಕೇ ರೇಟು" ಅಂದರು. ಹದಿನೈದರ ಮಗಳದ್ದು ಇನ್ನೊಂದು ರಾಗ: "ಅಪ್ಪಾ, ಬ್ಯಾಟರಿ ಹಾಕಿ ಎಲೆಕ್ಟ್ರಿಕ್ ಮಾಡಿಬಿಡು." ನನ್ನ ಹೆಂಡತಿಗೆ ಗರಾಜಿನಲ್ಲಿ ಕಾರು ನಿಲ್ಲಿಸೋ ಜಾಗ ವಾಪಸ್ ಸಿಕ್ಕರೆ ಸಾಕು, ಗಾಡಿ ಯಾವ ಶತಮಾನದ್ದಾದರೂ ಆಗಲಿ.

ಇದು ಹಳೇ ತತ್ತ್ವಶಾಸ್ತ್ರದ ಪ್ರಶ್ನೆ ಅಂತ ನೀವು ಹೇಳಬಹುದು. ಹೌದು. ಗ್ರೀಕರು ಹಡಗಿನ ಹಲಗೆ ಬದಲಾಯಿಸ್ತಾ ಕೇಳಿದರು. ನಮ್ಮ ಕಡೆ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಕೇಳಿದ್ದಂತೂ ಸೀದಾ ಗಾಡಿಯ ಬಗ್ಗೆಯೇ: ರಥ ಅಂದರೆ ಅಚ್ಚಾ, ಚಕ್ರವಾ, ನೊಗವಾ? ಯಾವುದೂ ಅಲ್ಲ, ಇವೆಲ್ಲ ಸೇರಿದಾಗ ಕರೆಯೋಕೆ ಒಂದು ಹೆಸರು, ಅಷ್ಟೆ. ಇದನ್ನ ಒಪ್ಪೋಕೆ ನಮ್ಮೂರಿನವರಿಗೆ ಕಷ್ಟ ಇಲ್ಲ. ಘಟ್ಟದ ಬುಡದ ಊರುಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಂಡ ಜೀಪುಗಳು ಎಷ್ಟಿದ್ದವು! ಎಂಜಿನ್ ಹೋಯ್ತು, ಗೇರ್ ಬಾಕ್ಸ್ ಹೋಯ್ತು, ಟಿಂಕರಿಂಗ್ ಆಗಿ ಆಗಿ ಮೈಯೂ ಹೊಸದಾಯ್ತು. ಆದರೂ ದೊಡ್ಡಪ್ಪನ ಬಾಯಲ್ಲಿ ಅದು ಕೊನೇವರೆಗೂ "ನನ್ನ ವಿಲ್ಲಿಸ್." ದೇವಸ್ಥಾನದ ಜೀರ್ಣೋದ್ಧಾರದಲ್ಲಿ ನಮ್ಮವರು ಇದಕ್ಕೊಂದು ಉಪಾಯವನ್ನೇ ಮಾಡಿಟ್ಟಿದಾರೆ. ಗರ್ಭಗುಡಿ ಬಿಚ್ಚೋಕೆ ಮುಂಚೆ ದೇವರ ಕಳೆಯನ್ನ ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಟ್ಟು, ಕೆಲಸ ಮುಗಿದ ಮೇಲೆ ಬ್ರಹ್ಮಕಲಶ ಮಾಡಿ ವಾಪಸ್ ತರ್ತಾರೆ. ಕಲ್ಲು ಮರ ಏನು ಬೇಕಾದರೂ ಬದಲಾಗಲಿ, ಬದಲಾಗದ್ದನ್ನ ಮೊದಲೇ ಬೇರೆ ತೆಗೆದಿಟ್ಟಾಗಿದೆ. ಅಮೆರಿಕದ ಸಾರಿಗೆ ಇಲಾಖೆಗಳ ಬಾಲಾಲಯ ಅಂದ್ರೆ 1981ರ ಮಾದರಿಗಳಿಂದ ಶುರುವಾದ 17 ಅಕ್ಷರದ ನಂಬರು. ಅದೊಂದು ಉಳಿದರೆ ಗಾಡಿ ಉಳಿದ ಹಾಗೆ. ಚಾಸಿ ತುಕ್ಕು ಹಿಡಿದ ಪ್ರಕರಣದಲ್ಲಿ 2016ರಲ್ಲಿ ಟೊಯೋಟಾ ಒಂದು ಒಪ್ಪಂದಕ್ಕೆ ಬಂತು, ಸುಮಾರು 15 ಲಕ್ಷ ಗಾಡಿಗಳಿಗೆ ಸಂಬಂಧಿಸಿದ್ದು. ಪರೀಕ್ಷೆಯಲ್ಲಿ ತುಕ್ಕು ಮಿತಿಮೀರಿದ್ದು ಕಂಡರೆ ಹೊಸ ಚಾಸಿಯನ್ನೇ ಹಾಕಿಕೊಡೋದು. ಬೆನ್ನೆಲುಬೇ ಬೇರೆ ಆದಮೇಲೂ ಜನ "ನನ್ನ ಗಾಡಿ" ಅಂತಲೇ ಮನೆಗೆ ಓಡಿಸಿಕೊಂಡು ಬಂದರು.

ಹಾಗಾಗಿ ಎಷ್ಟು ಭಾಗ ಬದಲಾದರೆ ಗಾಡಿ ಬೇರೆಯಾಗುತ್ತೆ ಅನ್ನೋದು ನನಗೆ ನಿದ್ದೆ ಕೆಡಿಸೋ ಪ್ರಶ್ನೆ ಅಲ್ಲ. ಯಾರ ಕೆಲಸವನ್ನ ಉಳಿಸಬೇಕು, ಯಾರದ್ದನ್ನ ಅಳಿಸಬೇಕು ಅನ್ನೋದು ಕೆಡಿಸುತ್ತೆ. ಸ್ಟಾಕಿಗೆ ತರೋದು ಅಂದ್ರೆ ಆ ವೆಲ್ಡರ್ ಕೈಯ ಗುರುತನ್ನೆಲ್ಲ ಗ್ರೈಂಡರ್ ಹಿಡಿದು ಉಜ್ಜಿ ಹಾಕೋದು. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ವಿಯೊಲೆ ಲ ದ್ಯುಕ್ ಅನ್ನೋ ವಾಸ್ತುಶಿಲ್ಪಿ ಹಳೇ ಕಟ್ಟಡಗಳನ್ನ ಹೀಗೇ 'ಪೂರ್ಣ' ಮಾಡಿದ. ಅಂಥ ಪೂರ್ಣ ಸ್ಥಿತಿ ಯಾವ ಕಾಲದಲ್ಲೂ ಇದ್ದಿರದಿದ್ದರೂ ಪರವಾಗಿಲ್ಲ ಅನ್ನೋದು ಅವನ ವಾದ. ಅತ್ತ ಇಂಗ್ಲೆಂಡಿನ ರಸ್ಕಿನ್, ಜೀರ್ಣೋದ್ಧಾರ ಅನ್ನೋದೇ ಒಂದು ಬಗೆಯ ನಾಶ ಅಂತ ರೇಗಿದ. ಹಳೇ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಹೊಳೆಯೋ ಟೈಲ್ಸ್ ಹಾಕಿದ ನಮ್ಮ ಗುಡಿಗಳನ್ನ ನೋಡಿದವರಿಗೆ ರಸ್ಕಿನ್ ಸಿಟ್ಟು ಚೆನ್ನಾಗಿ ಅರ್ಥ ಆಗುತ್ತೆ. ಗಾಡಿಗಳಲ್ಲೂ ಉದಾಹರಣೆ ಇದೆ. ಬ್ರಿಟನ್ನಿನ 'ಟಾಪ್ ಗೇರ್' ಕಾರ್ಯಕ್ರಮದವರು ಒಂದು ಹಳೇ ಹೈಲಕ್ಸನ್ನ ಸಮುದ್ರದಲ್ಲಿ ಮುಳುಗಿಸಿ, ಬೆಂಕಿ ಹಚ್ಚಿ, ಕೆಡವೋ ಕಟ್ಟಡದ ನೆತ್ತಿ ಮೇಲೆ ಇಟ್ಟು ಬೀಳಿಸಿದರು. ಆಮೇಲೂ ಅದು ಸ್ಟಾರ್ಟ್ ಆಯ್ತು. ಆ ಜಜ್ಜಿದ ಮೈಯನ್ನ ಯಾರಾದರೂ ಟಿಂಕರಿಂಗ್ ಮಾಡಿ ಬಣ್ಣ ಹೊಡೆದರೆ ಉಳಿಯೋದೇನು? ಇನ್ನೊಂದು ಸೆಕೆಂಡ್ ಹ್ಯಾಂಡ್ ಪಿಕಪ್.

ಇಲ್ಲಿವರೆಗೆ ನಾನು ಪೂರ್ತಿ ಆ ಅಜ್ಜಿಯ ಪಕ್ಷ. ಆದರೆ ರಸ್ಕಿನ್ನನಿಗೆ ಇರದಿದ್ದ ಒಂದು ತೊಡಕು ನನಗಿದೆ. ಚರ್ಚಿನ ಗೋಪುರ ಗಂಟೆಗೆ 45 ಮೈಲಿ ವೇಗದಲ್ಲಿ ಶಾಲೆಯ ಮುಂದೆ ಹಾದುಹೋಗಲ್ಲ. ಗಾಡಿ ಹೋಗುತ್ತೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಹೊರತಂದ ಅಧ್ಯಯನ ಒಂದಿದೆ: ಬಾನೆಟ್ 40 ಇಂಚಿಗಿಂತ ಎತ್ತರ ಇರೋ ಗಾಡಿಗಳು ಪಾದಚಾರಿಗೆ ಬಡಿದಾಗ ಸಾವಾಗೋ ಸಂಭವ, ಬಾನೆಟ್ 30 ಇಂಚು ಅಥವಾ ಅದಕ್ಕಿಂತ ತಗ್ಗಿದ್ದು ಮುಂದಕ್ಕೆ ಇಳಿಜಾರಾಗಿರೋ ಗಾಡಿಗಳಿಗಿಂತ ಸುಮಾರು 45 ಶೇಕಡಾ ಜಾಸ್ತಿ. ಅದು ಇಂಗ್ಲಿಷಿನಲ್ಲಿರೋ ಅಂಕಿ ಅಂಶ. ನನಗೆ ಅರ್ಥ ಆದದ್ದು ಟೇಪು ಹಿಡಿದು ಬೀದಿಯಲ್ಲಿ ನಿಂತಾಗ. ನಮ್ಮ ಗಾಡಿಯ ಬಾನೆಟ್ಟಿನ ತುದಿ ಎದುರು ಮನೆಯ ಏಳು ವರ್ಷದ ಹುಡುಗನ ತಲೆಗಿಂತ ಮೇಲಿತ್ತು. ಸೀಟಿನಲ್ಲಿ ಕೂತು ನೋಡಿದರೆ ಅವನು ಕಾಣೋದೇ ಇಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ ಹಿಂಭಾಗ ತಗ್ಗಿಸಿ ಮೂತಿ ಮೇಲೆತ್ತೋ ಫ್ಯಾಷನ್ನನ್ನ 2021ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು, ಮುಂದಿನದು ಮೇಲೆ, ಹಿಂದಿನದು ಕೆಳಗೆ ಇದ್ದರೆ ಡ್ರೈವರಿಗೆ ಕಾಣೋದು ಆಕಾಶವೇ. ನಮ್ಮದು ಆ ಥರದ್ದಲ್ಲ, ಕಾನೂನಿನ ಪ್ರಕಾರ ತಕರಾರಿಲ್ಲ. ಆದರೆ ಕಾನೂನು ತಕರಾರು ಮಾಡಲಿಲ್ಲ ಅನ್ನೋದು ಆ ಹುಡುಗನ ಎತ್ತರವನ್ನ ಒಂದಿಂಚೂ ಹೆಚ್ಚಿಸಲ್ಲ.

ಇಲ್ಲಿ ಒಂದು ವಾದ ಬರುತ್ತೆ, ಬಲವಾದ ವಾದವೇ: "ಆ ಮನುಷ್ಯ ಇಪ್ಪತ್ತೈದು ವರ್ಷ ಹೀಗೇ ಓಡಿಸಿದ, ಯಾರಿಗೂ ಏನೂ ಆಗಲಿಲ್ಲವಲ್ಲ?" ನಿಜ. ಆದರೆ ಅವರಿಗೆ ಆ ಗಾಡಿಯ ಪ್ರತಿ ಚಾಳಿಯೂ ಗೊತ್ತಿತ್ತು. ಮುಳ್ಳು 60 ಅಂದರೆ 70 ಅಂತ ಅವರ ಕಾಲಿಗೆ ಗೊತ್ತು, ಗುಂಡಿ ಬಂದರೆ ಎಷ್ಟು ಎಳೆಯುತ್ತೆ ಅಂತ ಕೈಗೆ ಗೊತ್ತು. ಆ ಜ್ಞಾನ ಗಾಡಿಯ ಜೊತೆ ಮಾರಾಟ ಆಗಲಿಲ್ಲ, ಅವರ ಜೊತೆ ಹೋಯ್ತು. ನನ್ನ ಮಗಳು ಇನ್ನು ಕೆಲವೇ ತಿಂಗಳಲ್ಲಿ ಸ್ಟಿಯರಿಂಗ್ ಹಿಡಿಯೋಳು. ಅವಳ ಕೈಗೆ ಕೊಡೋದು ಬರೀ ಕಬ್ಬಿಣ. ಹೀಗೆ ನೋಡಿದರೆ ಯಥಾಸ್ಥಿತಿ ಅನ್ನೋದೇ ಸುಳ್ಳು: ಗಾಡಿಯ ಅರ್ಧ ಭಾಗ ಆ ಮನುಷ್ಯನೊಳಗಿತ್ತು, ಅದು ಈಗಿಲ್ಲ.

ಆಮೇಲೆ ಕೆಲಸ ಸಲೀಸಾಯ್ತು ಅಂತೇನಲ್ಲ, ಆದರೆ ದಾರಿ ಕಂಡಿತು. ಹಿಂದಿನ ಬ್ಲಾಕು ಒಂದರ ಮೇಲೊಂದು ಎರಡು ಪೇರಿಸಿದ್ದರು, ಅದನ್ನ ತೆಗೆದೆ. ಆರು ಇಂಚಿನ ಬದಲು ಮೂರು ಇಂಚಿನ ಪ್ಲೇಟ್ ಸೆಟ್, 31 ಇಂಚಿನ ಟೈರು. 1986ರ ನಂತರದ ಗಾಡಿಯ ಸ್ಟಿಯರಿಂಗ್ ಬಾಕ್ಸ್ ತಂದು, ಸರಳು ಅಡ್ಡಕ್ಕೆ ಕೆಲಸ ಮಾಡೋ ಹಾಗೆ ಮಾಡಿದ್ದಾಯ್ತು, ಗುಂಡಿಗಳ ಸ್ವಂತ ಅಭಿಪ್ರಾಯ ಈಗ ಬಹಳ ಕಡಿಮೆ. ಬ್ರೇಕಿನ ವಾಲ್ವಿನ ಕಂಬಿಯನ್ನ ಹೊಸ ಎತ್ತರಕ್ಕೆ ಸರಿಹೊಂದಿಸಿದೆ, ಬ್ರೇಕ್ ಹೋಸುಗಳನ್ನೂ ಹೊಸದು ಹಾಕಿದೆ. ಎಂಜಿನ್ನಿನ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡುಗಳು ಸವೆದು ಮುರಿಯೋದು ಈ ಎಂಜಿನ್ನಿಗೆ ಹುಟ್ಟಿನಿಂದ ಬಂದ ಕಾಯಿಲೆ, ಅದಕ್ಕೆ ಉಕ್ಕಿನ ಬೆನ್ನಿರೋ ಗೈಡು ಬಂತು. ಯಾರಿಗೂ ಕಾಣದ, ಯಾರೂ ಹೊಗಳದ ಅಪ್‌ಗ್ರೇಡು ಇದು, ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದೂ ಇದೇ. ಕಣ್ಣು ಕುಕ್ಕೋ ಎಲ್‌ಇಡಿ ದೀಪ ಬೇಡ ಅಂದೆ, ಮಗಳು ಮುನಿಸಿಕೊಂಡಳು. ಹ್ಯಾಂಗರಿನ ಬೆಸುಗೆಗಳನ್ನ ಉಜ್ಜಿ, ಬಿರುಕು ಇದೆಯಾ ಅಂತ ಬಣ್ಣದ ದ್ರಾವಣ ಹಾಕಿ ಪರೀಕ್ಷೆ ಮಾಡಿದೆ. ಒಂದೂ ಇಲ್ಲ. ಅವನ್ನ ಮುಟ್ಟಲಿಲ್ಲ, ಬಂಪರನ್ನೂ ಮುಟ್ಟಲಿಲ್ಲ.

ಕಳೆದ ಶನಿವಾರ ಮೊದಲ ಸಲ ಬೀದಿಗೆ ತಂದೆ. ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು. ಗಾಡಿಯನ್ನ ಮೇಲಿಂದ ಕೆಳಗೆ ನೋಡಿ, "ತಗ್ಗಿಸಿಬಿಟ್ಟೆ" ಅಂದರು. ಹೌದು, ಮೂರು ಇಂಚು, ಅಂದೆ. ಯಾಕೆ ಅಂತ ಎದುರು ಮನೆ ಹುಡುಗನ ವಿಷಯ, ಬ್ರೇಕಿನ ವಿಷಯ ಎಲ್ಲ ಹೇಳಿದೆ. ಕೇಳಿಸಿಕೊಂಡರು, ಒಪ್ಪಿದರು ಅಂತ ನನಗನಿಸಲಿಲ್ಲ. ಹಿಂದೆ ಹೋಗಿ ಬಂಪರಿನ ಮೂಲೆಯ ಬೆಸುಗೆ ಮೇಲೆ ಹೆಬ್ಬೆರಳು ಒತ್ತಿ ಸ್ವಲ್ಪ ಹೊತ್ತು ನಿಂತು, ಮನೆಯೊಳಗೆ ಹೋದರು. ತೆಗೆದ ಬ್ಲಾಕುಗಳು ಬೇಕಾ ಅಂತ ಸಂಜೆ ಕೇಳಿ ಕಳಿಸಿದೆ. ಬೇಕು ಅಂದರಂತೆ. ಮಗಳು ಎರಡೂ ಕೈಯಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದಳು, ಬಾಗಿಲು ತೆರೆದಿಡೋಕೆ ಬಾಗಿಲ ಬುಡದಲ್ಲಿ ಇಟ್ಟುಕೊಂಡಿದಾರೆ.

ಬಣ್ಣ ಇನ್ನೂ ಬಾಕಿ ಇದೆ. ಬಾಗಿಲ ಒಳಅಂಚು ಕೆರೆದಾಗ ಕರಿಯ ಕೆಳಗೆ ಕಂದು, ಕಂದಿನ ಕೆಳಗೆ ಕಾರ್ಖಾನೆಯ ಕೆಂಪು ಸಿಕ್ಕಿತು.