ಎರಡು ಅಂಗಿಗಳಲ್ಲಿ ಒಂದು



ತಾವು ಮಾಡಬೇಕಾದುದೇನೆಂದು ಜನರು ಕೇಳಿದಾಗ ಸ್ನಾನಿಕ ಯೊವಾನ್ನರು ಉಪವಾಸವನ್ನಾಗಲಿ ಯಾತ್ರೆಯನ್ನಾಗಲಿ ವಿಧಿಸಲಿಲ್ಲ. ಎರಡು ಅಂಗಿಗಳುಳ್ಳವನು ಒಂದನ್ನು ಇಲ್ಲದವನೊಡನೆ ಹಂಚಿಕೊಳ್ಳಲಿ ಎಂದರು (ಲೂಕ 3:11).

ಈ ವಾಚನ ಕೇಳಿ ಮನೆಗೆ ಹೋದವರು ಬೀರು ತೆರೆಯುವುದುಂಟು. ಬಣ್ಣಗೆಟ್ಟ ಸೀರೆ, ಗುಂಡಿ ಕಿತ್ತ ಶರಟು ಮೂಟೆ ಸೇರುತ್ತವೆ. "ಬಡವರಿಗೆ ಕೊಡಿ ಫಾದರ್" ಎಂದು ಅದನ್ನು ದೇವಾಲಯದ ಜಗುಲಿಯಲ್ಲಿ ಇಟ್ಟುಹೋಗುತ್ತಾರೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಇಂಥ ಮೂಟೆಗಳು ಲಾರಿಗಟ್ಟಲೆ ಹೋದವು. ಎಷ್ಟೋ ಬಟ್ಟೆ ತೊಡುವವರಿಲ್ಲದೆ ರಸ್ತೆ ಬದಿಯಲ್ಲೇ ರಾಶಿ ಬಿತ್ತು. ಮನೆ ಕಳೆದುಕೊಂಡವರಿಗೂ ಮಾನವಿದೆ.

ಆದುದರಿಂದ ನಮ್ಮ ಹಳ್ಳಿಯ ಧರ್ಮಕೇಂದ್ರಗಳಲ್ಲಿ ಬಟ್ಟೆ ದಾನಕ್ಕೆ ಬದಲಾಗಿ ಬಟ್ಟೆ ವಿನಿಮಯ ನಡೆಯಲಿ ಎಂಬುದು ನನ್ನ ಬಿನ್ನಹ. ಇದು ನಮಗೆ ಅಪರಿಚಿತವೇನಲ್ಲ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿಯೊಡನೆ ನಮ್ಮ ತಾಯಂದಿರು ಚೌಕಾಸಿ ಮಾಡಿದವರೇ. ಇಲ್ಲಿ ಹಣವಿಲ್ಲ, ಚೌಕಾಸಿಯೂ ಇಲ್ಲ. ಎಲ್ಲರೂ ತರುತ್ತಾರೆ, ಎಲ್ಲರೂ ಆರಿಸಿಕೊಳ್ಳುತ್ತಾರೆ. ಒಂದಕ್ಕೆ ಒಂದೆಂಬ ಲೆಕ್ಕ ಬೇಡ. ತರಲು ಏನೂ ಇಲ್ಲದವರೂ ಬರಲಿ.

ಕಷ್ಟವಿರುವುದು 'ಎಲ್ಲರೂ ಆರಿಸಿಕೊಳ್ಳುತ್ತಾರೆ' ಎಂಬಲ್ಲಿ. ಉಳ್ಳವರ ಮನೆಯಾಕೆ ಎರಡು ಚೀಲ ತಂದಿಟ್ಟು ಬರಿಗೈಯಲ್ಲಿ ಹೊರಟರೆ ಅದು ಮತ್ತೆ ದಾನವೇ ಆಯಿತು. ಧಣಿ ಉಟ್ಟು ಬಿಟ್ಟದ್ದನ್ನು ಆಳು ಉಡಬೇಕೆಂಬ ಕಟ್ಟಳೆ ಕಂಡ ನಾಡು ನಮ್ಮದು. ಕೂಲಿಯಾಕೆ ಒಗೆದು ಮಡಿಸಿ ತಂದ ಸೀರೆಯನ್ನು ಧಣಿಯ ಮನೆಯಾಕೆ ಮೆಚ್ಚಿ ಒಯ್ದು, ಮುಂದಿನ ಭಾನುವಾರ ಬಲಿಪೂಜೆಗೆ ಉಟ್ಟು ಬಂದರೆ, ನನ್ನ ಹತ್ತು ಪ್ರಬೋಧನೆಗಳಿಂದ ಆಗದ ಕೆಲಸ ಆ ಸೀರೆಯಿಂದ ಆದೀತು. ಪ್ರಭು ಯೇಸು ಕೊಟ್ಟವರು ಮಾತ್ರವಲ್ಲ, ಪಡೆದವರೂ ಹೌದು. ಸಮಾರಿಯದ ಹೆಂಗಸಿನ ಬಳಿ ನೀರು ಕೇಳಿದರು. ಅವರ ಪಾರ್ಥಿವ ಶರೀರಕ್ಕೆ ಸುತ್ತಿದ ನಾರುಮಡಿ ಕೂಡ ಅರಿಮತ್ತಾಯದ ಜೋಸೆಫರು ಕೊಂಡುತಂದದ್ದು.

ಸಂತ ಮಾರ್ಟಿನರ ಕಥೆ ನಿಮಗೆ ಗೊತ್ತು. 4ನೇ ಶತಮಾನದಲ್ಲಿ, ಇನ್ನೂ ಜ್ಞಾನಸ್ನಾನ ಪಡೆಯದ ಆ ಯುವ ಸೈನಿಕ, ಅಮಿಯೆನ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟರು. ರಾತ್ರಿ ಕನಸಿನಲ್ಲಿ ಆ ಅರ್ಧವನ್ನು ಹೊದ್ದವರು ಕ್ರಿಸ್ತರೇ. ಮಾರ್ಟಿನರು ಮನೆಗೆ ಹೋಗಿ ಹಳೆಯದೊಂದನ್ನು ಹುಡುಕಲಿಲ್ಲ. ಇಬ್ಬರ ಮೈಮೇಲೂ ಇದ್ದದ್ದು ಒಂದೇ ಬಟ್ಟೆ. ಅವರ ಹಬ್ಬ ನವೆಂಬರ್ 11. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಸ್ಥಾಪಿಸಿದ 'ಬಡವರ ವಿಶ್ವ ದಿನ'ವೂ ಅದೇ ಆಸುಪಾಸಿನ ಭಾನುವಾರ ಬರುತ್ತದೆ. ಚಳಿ ಕಾಲಿಡುವ ಹೊತ್ತು. ಸ್ವೆಟರು, ಶಾಲುಗಳು ಬೇಕಾಗುವ ಕಾಲ.

ಜಾಗಕ್ಕೆ ಶಾಲೆಯ ಜಗುಲಿಯೇ ಉತ್ತಮ. ಅನ್ಯಧರ್ಮದ ನೆರೆಯವರೂ ಸಂಕೋಚವಿಲ್ಲದೆ ಬಂದಾರು. (ಬಟ್ಟೆ ಕೊಟ್ಟು ಮತಕ್ಕೆ ಸೆಳೆಯುತ್ತಾರೆಂಬ ಮಾತಿಗೂ ಎಡೆಯಿಲ್ಲ, ಅವರು ತಂದದ್ದನ್ನು ನಾವೂ ಒಯ್ಯುತ್ತೇವಲ್ಲ!) ಒಗೆದು, ಇಸ್ತ್ರಿ ಮಾಡಿ, ಗುಂಡಿ ಹೊಲಿದು ತನ್ನಿ. ನಿಮ್ಮ ಮಗಳಿಗೆ ತೊಡಿಸಲು ಮನಸ್ಸಾಗದ್ದನ್ನು ಇನ್ನೊಬ್ಬರ ಮಗಳಿಗೆಂದು ತರಬೇಡಿ. ಹೆಣ್ಣುಮಕ್ಕಳು ತೊಟ್ಟು ನೋಡಲು ಒಂದು ಕೋಣೆ ಬಿಡಿ. ತಂದವರ ಹೆಸರು ಓದುವುದು, ಒಯ್ಯುವವರ ಫೋಟೊ ತೆಗೆಯುವುದು ಎರಡೂ ಬೇಡ. ಉಳಿದ ಸೀರೆಗಳಲ್ಲಿ ಕೌದಿ ಹೊಲಿಯಬಹುದು.

ಇನ್ನೊಂದು ಮಾತು. ಪ್ರಥಮ ಪರಮಪ್ರಸಾದದ ಬಿಳಿ ಉಡುಪು ಒಂದು ದಿನ ತೊಟ್ಟು ಬೀರು ಸೇರುತ್ತದೆ. ಅದಕ್ಕಾಗಿ ಸಾಲ ಮಾಡುವ ತಂದೆತಾಯಂದಿರಿದ್ದಾರೆ. ಉಡುಪಿಲ್ಲವೆಂದು ಮಗುವನ್ನು ಮುಂದಿನ ವರ್ಷಕ್ಕೆ ನಿಲ್ಲಿಸುವವರೂ ಇದ್ದಾರೆ. ಜ್ಞಾನಸ್ನಾನದಂದು ಶ್ರೀಸಭೆ ಎಲ್ಲರ ಮಕ್ಕಳಿಗೂ ಬಿಳಿ ವಸ್ತ್ರವನ್ನೇ ಹೊದಿಸಿತಲ್ಲವೆ? ಈ ಉಡುಪುಗಳಿಗೆಂದೇ ಬೇರೆ ಮೇಜು ಇಡೋಣ. ಯಾರ ಮನೆಯದೆಂಬ ಚೀಟಿ ಅಂಟಿಸುವುದು ಬೇಡ. ಹಬ್ಬ ಮುಗಿದ ಮೇಲೆ ಒಗೆದು ಹಿಂದಕ್ಕೆ ತಂದಿಟ್ಟರೆ, ಮರುವರ್ಷ ಇನ್ನೊಂದು ಮಗು ಅದನ್ನು ತೊಟ್ಟು ಬಲಿಪೀಠದ ಮುಂದೆ ನಿಲ್ಲುತ್ತದೆ.